ವಾದ, ಬಿರುದು ಮತ್ತು ಅಹಂಕಾರ: ವಿಜಯನಗರ ಪರಿಸರದ ವಾದಸಭೆಗಳನ್ನು ಕುರಿತು

ತುಂಗಭದ್ರೆಯ ದಂಡೆಯ ಹಂಪೆ, ಹೊಸಪೇಟೆ, ಕಂಪ್ಲಿಗಳು ಹಾಗೂ ಅವುಗಳ ದಕ್ಷಿಣಕ್ಕೆ ಹಬ್ಬಿರುವ ಸಂಡೂರಿನ ಬೆಟ್ಟಸಾಲು ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ ಪಡೆದಿರುವ ಸ್ಥಾನ ಸುವಿದಿತವಾದುದು. 1327ರಲ್ಲಿ ಕಂಪಿಲಿ ರಾಜ್ಯ ದೆಹಲಿಯ ಸೈನ್ಯಕ್ಕೆ ಸೋತು ಅಳಿದುದು, ಮುಂದೆ ಕೆಲವೇ ವರ್ಷಗಳಲ್ಲಿ ಸಂಗಮನ ಮಕ್ಕಳು ವಿಜಯನಗರವನ್ನು ಕಟ್ಟಿದುದು, 1565ರ ಯುದ್ಧದ ನಂತರ ಆ ನಗರ ಹಾಳಾದುದು ಇವೆಲ್ಲ ವಿಸ್ತಾರವಾಗಿ ಚರ್ಚಿತವಾಗಿವೆ. ಆದರೆ ಇದೇ ಪರಿಸರ ಎರಡು ಶತಮಾನಗಳಿಗೂ ಮಿಕ್ಕಿ ಇನ್ನೊಂದು ಬಗೆಯ ಕಾಳಗಕ್ಕೆ ಕಣವಾಗಿತ್ತು. ಅದು ಮಾತಿನ ಕಾಳಗ. ದ್ವೈತಿಗಳು, ಅದ್ವೈತಿಗಳು, ಶ್ರೀವೈಷ್ಣವರು, ವೀರಶೈವರು, ಜೈನರು, ಕಾಳಾಮುಖರು, ಸಂಸ್ಕೃತ, ಕನ್ನಡ ಮತ್ತು ತೆಲುಗು ಕವಿಗಳು ಅರಸನ ಎದುರಿನಲ್ಲಿ, ಮಠದ ಅಂಗಳದಲ್ಲಿ, ದೇವಾಲಯದ ಮಂಟಪದಲ್ಲಿ ಪರಸ್ಪರ ವಾದಿಸಿದರು. ಗೆದ್ದವರಿಗೆ ಬಿರುದು, ಅಗ್ರಹಾರ, ಪಲ್ಲಕ್ಕಿ, ವಾದ್ಯಗಳ ಮರ್ಯಾದೆ ದೊರೆತವು. ಸೋತವರ ಹೆಸರು ಬಹುಮಟ್ಟಿಗೆ ಗೆದ್ದವರ ಗ್ರಂಥಗಳಲ್ಲಿ ಮಾತ್ರ ಉಳಿದಿದೆ.

ಈ ವಾದಗಳಲ್ಲಿ ಸತ್ಯನಿರ್ಣಯದ ಪಾಲೆಷ್ಟು, ಅಹಂಕಾರದ ಪಾಲೆಷ್ಟು ಎಂಬ ಪ್ರಶ್ನೆ ಕೇವಲ ನೀತಿಯ ಪ್ರಶ್ನೆಯಲ್ಲ. ವಾದದ ಕಥನಗಳೇ ಆ ಕಾಲದ ಮತೀಯ ಮತ್ತು ಸಾಹಿತ್ಯಿಕ ಇತಿಹಾಸಕ್ಕೆ ಮುಖ್ಯ ಆಕರಗಳಾಗಿರುವುದರಿಂದ, ಅವುಗಳಲ್ಲಿ ಹೊಕ್ಕಿರುವ ಪ್ರತಿಷ್ಠೆಯನ್ನು ಗುರುತಿಸದೆ ಅವುಗಳನ್ನು ಬಳಸುವುದು ಅಪಾಯಕಾರಿ. ಆದುದರಿಂದ ಇದು ಆಕರ ವಿಮರ್ಶೆಯ ಪ್ರಶ್ನೆಯೂ ಹೌದು.

ವಾದಶಾಸ್ತ್ರ ಕಂಡ ಅಹಂಕಾರ

ಭಾರತೀಯ ವಾದಶಾಸ್ತ್ರ ವಾದಿಯ ಅಹಂಕಾರವನ್ನು ಕಡೆಗಣಿಸಿರಲಿಲ್ಲ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಭಾಗಿಸುತ್ತವೆ. ಪ್ರಮಾಣ ಮತ್ತು ತರ್ಕಗಳಿಂದ ತತ್ತ್ವವನ್ನು ಅರಸುವುದು ವಾದ. ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಬಳಸಿ ಗೆಲ್ಲಲು ಯತ್ನಿಸುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಮುರಿಯುವುದು ವಿತಂಡಾ. ನಿಗ್ರಹಸ್ಥಾನಗಳು, ಅಂದರೆ ವಾದಿ ಸೋತನೆಂದು ನಿರ್ಣಯಿಸುವ ಸಂದರ್ಭಗಳು, 22. ಅವುಗಳ ಪಟ್ಟಿಯನ್ನು ಗಮನಿಸಿದರೆ ಹಲವು ನೇರವಾಗಿ ಮಾನವ ಸ್ವಭಾವದ ದೌರ್ಬಲ್ಯಗಳನ್ನು ಹಿಡಿದಿಡುತ್ತವೆ. ಸೋಲು ಸಮೀಪಿಸಿದಾಗ ಪ್ರತಿಜ್ಞೆಯನ್ನು ಬದಲಿಸುವುದು, ತಾನು ಹಾಗೆ ಹೇಳಿಯೇ ಇಲ್ಲವೆನ್ನುವುದು, ಬೇರೆ ಕೆಲಸವಿದೆಯೆಂದು ನೆಪ ಹೂಡಿ ಸಭೆಯಿಂದ ಏಳುವುದು, ಎದುರಾಳಿ ಮೂರು ಬಾರಿ ಹೇಳಿದರೂ ಅವನ ಮಾತನ್ನು ಮರಳಿ ನುಡಿಯಲಾಗದಿರುವುದು ಇವೆಲ್ಲ ಸೋಲಿನ ಲಕ್ಷಣಗಳು. ಕೊನೆಯ ನಿಯಮ ವಿಶೇಷವಾಗಿ ಮಹತ್ವದ್ದು. ಎದುರಾಳಿಯ ಮಾತನ್ನು ಆಲಿಸಿ ಅದನ್ನು ಪುನರುಚ್ಚರಿಸಬಲ್ಲವನಿಗೆ ಮಾತ್ರ ಖಂಡಿಸುವ ಅಧಿಕಾರವಿದೆ ಎಂಬುದು ಅದರ ಭಾವ.

ಜಲ್ಪ, ವಿತಂಡಾಗಳನ್ನು ನ್ಯಾಯಸೂತ್ರ ತಿರಸ್ಕರಿಸುವುದಿಲ್ಲ. ಮೊಳಕೆಯೊಡೆದ ಬೀಜವನ್ನು ಕಾಯಲು ಮುಳ್ಳಿನ ಕೊಂಬೆಗಳ ಬೇಲಿ ಹೇಗೋ ಹಾಗೆ ತತ್ತ್ವವನ್ನು ಕಾಯಲು ಅವು ಎಂದು ಅದು ಸಮರ್ಥಿಸುತ್ತದೆ. ಸ್ಪರ್ಧೆಯ ಬಿರುಸು ಬೇಲಿಯಾಗಿರುವವರೆಗೆ ಉಪಯುಕ್ತ ಎಂಬುದು ಇಲ್ಲಿನ ಅಭಿಪ್ರಾಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಉತ್ತರ ಹುಡುಕಬೇಕಾಗುತ್ತದೆ.

ವಿಜಯನಗರದಲ್ಲಿ ಪ್ರಭಾವಶಾಲಿಯಾಗಿದ್ದ ಮಾಧ್ವ ಪರಂಪರೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಮಧ್ವಾಚಾರ್ಯರ ಪುಟ್ಟ ಕೃತಿ 'ಕಥಾಲಕ್ಷಣ' ಗುರುಶಿಷ್ಯರ ಅಥವಾ ಸಜ್ಜನರ ನಡುವೆ ತತ್ತ್ವನಿರ್ಣಯಕ್ಕಾಗಿ ನಡೆಯುವ ಚರ್ಚೆಯನ್ನು ವಾದವೆಂದೂ, ಖ್ಯಾತಿಗಾಗಿ ಅಥವಾ ಸ್ಪರ್ಧೆಯಿಂದ ಸಜ್ಜನರ ನಡುವೆಯೇ ನಡೆಯುವುದನ್ನು ಜಲ್ಪವೆಂದೂ ಗುರುತಿಸುತ್ತದೆ. ಖ್ಯಾತಿಯ ಬಯಕೆ ದುರ್ಜನರಿಗೆ ಮಾತ್ರ ಮೀಸಲಲ್ಲ, ಸಜ್ಜನರಲ್ಲಿಯೂ ಇರುತ್ತದೆ ಎಂಬ ಈ ಒಪ್ಪಿಗೆ ಗಮನಾರ್ಹ. ಅದಕ್ಕೆ ತಕ್ಕ ನಿಯಂತ್ರಣವನ್ನೂ ಅದು ಸೂಚಿಸುತ್ತದೆ. ಪ್ರಾಶ್ನಿಕರು, ಅಂದರೆ ತೀರ್ಪುಗಾರರು, ಸಕಲ ವಿದ್ಯೆಗಳಲ್ಲಿ ನಿಪುಣರೂ ರಾಗದ್ವೇಷರಹಿತರೂ ಆಗಿರಬೇಕು. ಅವರು ಬೆಸಸಂಖ್ಯೆಯಲ್ಲಿರಬೇಕು ಅಥವಾ ಒಬ್ಬನೇ ಇರಬೇಕು. ವಾದಿಗಳಿಂದ ನಿರಹಂಕಾರವನ್ನು ಅಪೇಕ್ಷಿಸಲಾಗದಿದ್ದರೂ ಮಧ್ಯಸ್ಥರಿಂದ ಅದನ್ನು ಕಡ್ಡಾಯಗೊಳಿಸಬಹುದು ಎಂಬುದು ಈ ವ್ಯವಸ್ಥೆಯ ಆಧಾರ.

ಕಂಚಿನ ಢಕ್ಕೆ

ನಿಯಮ ಹೀಗಿದ್ದರೂ ರಾಜಸಭೆಯಲ್ಲಿ ಸೋಲುಗೆಲುವುಗಳಿಗೆ ಬೇರೆಯ ಬೆಲೆಯಿತ್ತು. ಇದಕ್ಕೆ ಪ್ರಸಿದ್ಧ ನಿದರ್ಶನ ಎರಡನೆಯ ದೇವರಾಯನ (1424–1446) ಕಾಲದ್ದು. ಪ್ರೌಢದೇವರಾಯನೆಂದು ಹೆಸರಾದ ಈ ಅರಸನ ಆಸ್ಥಾನದಲ್ಲಿ ಡಿಂಡಿಮ ಮನೆತನದ ಸಂಸ್ಕೃತ ಕವಿ ಅರುಣಗಿರಿನಾಥನಿಗೆ ಅಗ್ರಸ್ಥಾನವಿತ್ತು. 'ಡಿಂಡಿಮ' ಎಂಬ ಮಾತಿಗೇ ಒಂದು ಬಗೆಯ ವಾದ್ಯವೆಂಬ ಅರ್ಥವಿದೆ. 'ಡಿಂಡಿಮ ಕವಿಸಾರ್ವಭೌಮ' ಎಂಬ ಬಿರುದು ಮತ್ತು ಕಂಚಿನ ಢಕ್ಕೆ ಈ ಕವಿಯ ಹಿರಿಮೆಯ ಲಾಂಛನಗಳಾಗಿದ್ದವು. ಕೊಂಡವೀಡಿನ ರೆಡ್ಡಿ ಅರಸರ ಆಶ್ರಯದಲ್ಲಿದ್ದ ತೆಲುಗು ಕವಿ ಶ್ರೀನಾಥ ವಿಜಯನಗರಕ್ಕೆ ಬಂದು ಅವನನ್ನು ವಾದದಲ್ಲಿ ಸೋಲಿಸಿದನೆಂದೂ, ಆ ಢಕ್ಕೆಯನ್ನು ಒಡೆಯಿಸಿದನೆಂದೂ, ಚಂದ್ರಭೂಷ ಕ್ರಿಯಾಶಕ್ತಿಯ ಸಮ್ಮುಖದಲ್ಲಿ ಸಾರ್ವಭೌಮ ಬಿರುದನ್ನು ತನ್ನದಾಗಿಸಿಕೊಂಡನೆಂದೂ, ಅರಸನ ಮುತ್ತಿನ ಶಾಲೆಯಲ್ಲಿ ದೀನಾರ ಮತ್ತು ಟಂಕಗಳಿಂದ ಕನಕಾಭಿಷೇಕ ಪಡೆದನೆಂದೂ ಅವನದೆಂದು ಪ್ರಸಿದ್ಧವಾದ ಒಂದು ಚಾಟುಪದ್ಯ ತಿಳಿಸುತ್ತದೆ. ಆ ಪದ್ಯದ 'ಗೌಡ ಡಿಂಡಿಮ ಭಟ್ಟ'ನೇ ಅರುಣಗಿರಿನಾಥನೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ.

ಈ ಪ್ರಸಂಗದಲ್ಲಿ ಮೂರು ಅಂಶಗಳು ಲಕ್ಷ್ಯಾರ್ಹವಾಗಿವೆ. ಮೊದಲನೆಯದು, ಸೋಲನ್ನು ನಿರೂಪಿಸಿದ ಬಗೆ. ಯಾವ ವಿಷಯದ ಮೇಲೆ ವಾದ ನಡೆಯಿತು, ಯಾವ ಯುಕ್ತಿಯಿಂದ ಡಿಂಡಿಮ ನಿರುತ್ತರನಾದ ಎಂಬುದನ್ನು ಪದ್ಯ ಹೇಳುವುದಿಲ್ಲ. ಢಕ್ಕೆ ಒಡೆದುದನ್ನು ಮಾತ್ರ ಹೇಳುತ್ತದೆ. ಜಯದ ವಸ್ತು ಮರೆತುಹೋಗಿ ಜಯದ ಲಾಂಛನ ಮಾತ್ರ ಉಳಿದಿದೆ. ಎರಡನೆಯದು, ಪದ್ಯದ ಸಂದರ್ಭ. ಇದು ವಿಜಯನಗರದಲ್ಲಿ ಗೆದ್ದ ಕ್ಷಣದಲ್ಲಿ ಹೇಳಿದುದಲ್ಲ. ಇನ್ನೊಬ್ಬ ದೊರೆ, ರಾವು ಸಿಂಗನ ಆಸ್ಥಾನವನ್ನು ಪ್ರವೇಶಿಸುವ ಮುನ್ನ ಕವಿ ಶಾರದೆಯನ್ನು ಕುರಿತು, ಹಿಂದೆ ಇಷ್ಟೆಲ್ಲ ಗೆಲ್ಲಿಸಿದವಳು ಈ ಸಭೆಯಲ್ಲಿ ಹೇಗೆ ಮೆಚ್ಚಿಸುವೆಯೋ ಎಂದು ಕೇಳುವಾಗ ಬರುವ ಮಾತು. ಗೆದ್ದ ಬಿರುದು ನೆಮ್ಮದಿಯನ್ನು ಕೊಟ್ಟಿಲ್ಲ, ಮುಂದಿನ ಸಭೆಯ ಅಂಜಿಕೆಯನ್ನು ಹೆಚ್ಚಿಸಿದೆ. ಮೂರನೆಯದು, ಈ ಕೀರ್ತಿಯ ಆಯುಷ್ಯ. ಟಂಕಗಳಲ್ಲಿ ಮಿಂದ ಕವಿ ಇಳಿವಯಸ್ಸಿನಲ್ಲಿ ಬೊಡ್ಡುಪಲ್ಲಿಯ ಗುತ್ತಿಗೆಯಲ್ಲಿ ಮೋಸಹೋಗಿ, 700 ಟಂಕಗಳ ತೆರಿಗೆಯನ್ನು ಹೇಗೆ ತೆರಲೆಂದು ಹಲುಬಿದನೆಂದು ಇನ್ನೊಂದು ಚಾಟುಪದ್ಯದಲ್ಲಿದೆ. ಚಾಟುಪದ್ಯಗಳ ಐತಿಹಾಸಿಕತೆಯನ್ನು ಎಚ್ಚರಿಕೆಯಿಂದಲೇ ಒಪ್ಪಬೇಕು. ಆದರೂ ಎರಡೂ ಪದ್ಯಗಳನ್ನು ಒಂದೇ ಕವಿಯ ಹೆಸರಿನಲ್ಲಿ ಒಟ್ಟಿಗೆ ಉಳಿಸಿಕೊಂಡು ಬಂದ ಜನಸ್ಮೃತಿ ಬಿರುದಿನ ಬೆಲೆಯನ್ನು ಅರಿತಿತ್ತೆಂದು ಹೇಳಬಹುದು.

ಡಿಂಡಿಮ ಮನೆತನ ಈ ಸೋಲಿನಿಂದ ಮರೆಯಾಗಲಿಲ್ಲ. ಅದೇ ವಂಶದ ಕವಿಗಳು 'ಸಾಳುವಾಭ್ಯುದಯ', 'ಅಚ್ಯುತರಾಯಾಭ್ಯುದಯ' ಕಾವ್ಯಗಳನ್ನು ರಚಿಸಿದರು. ಇವು ಇಂದಿಗೂ ವಿಜಯನಗರದ ಇತಿಹಾಸಕ್ಕೆ ಆಕರಗಳಾಗಿವೆ. ಒಡೆದುಹೋದ ಢಕ್ಕೆಗಿಂತ ಬರೆದಿಟ್ಟ ಕಾವ್ಯ ಹೆಚ್ಚು ಕಾಲ ಬಾಳಿತು.

ಒಂದೇ ವಾದ, ಎರಡು ಜಯ

ಪ್ರತಿಷ್ಠೆ ವಾದದ ದಾಖಲೆಯನ್ನು ಹೇಗೆ ಬಾಧಿಸುತ್ತದೆ ಎಂಬುದಕ್ಕೆ ವಿದ್ಯಾರಣ್ಯ ಮತ್ತು ಅಕ್ಷೋಭ್ಯತೀರ್ಥರ ನಡುವೆ ಮುಳಬಾಗಿಲಿನಲ್ಲಿ ನಡೆಯಿತೆನ್ನಲಾದ ವಾದ ಮತ್ತೊಂದು ಉದಾಹರಣೆ. 'ತತ್ತ್ವಮಸಿ' ವಾಕ್ಯದ ಅರ್ಥವನ್ನು ಕುರಿತ ಈ ವಾದಕ್ಕೆ ಶ್ರೀವೈಷ್ಣವ ಆಚಾರ್ಯ ವೇದಾಂತದೇಶಿಕರು ತೀರ್ಪುಗಾರರಾಗಿದ್ದರೆಂದು ಪರಂಪರೆ ಹೇಳುತ್ತದೆ. ಮಾಧ್ವ ಮತ್ತು ಶ್ರೀವೈಷ್ಣವ ಸಂಪ್ರದಾಯಗಳಲ್ಲಿ ಅಕ್ಷೋಭ್ಯತೀರ್ಥರು ವಿದ್ಯಾರಣ್ಯರೆಂಬ ಮಹಾರಣ್ಯವನ್ನು ಕಡಿದರೆಂಬ ಅರ್ಥದ ಶ್ಲೋಕ ಪ್ರಚಲಿತವಾಗಿದೆ. ಅದ್ವೈತ ಸಂಪ್ರದಾಯದಲ್ಲಿ ವಿದ್ಯಾರಣ್ಯರೇ ಅಕ್ಷೋಭ್ಯರನ್ನು ಕ್ಷೋಭೆಗೊಳಿಸಿದರೆಂಬ ಪಾಠ ಉಳಿದಿದೆ. ಎರಡೂ ಕಡೆ ಪ್ರತಿವಾದಿಯ ಹೆಸರಿನ ಮೇಲಿನ ಶ್ಲೇಷೆಯೇ ಗೆಲುವಿನ ಸಾಕ್ಷ್ಯ. ಇಂಥ ಶ್ಲೋಕಗಳಿಂದ ಯಾರು ಗೆದ್ದರೆಂದು ನಿರ್ಧರಿಸಲಾಗದು. ಎರಡು ಪರಂಪರೆಗಳಿಗೂ ಆ ಜಯ ಅಗತ್ಯವಾಗಿತ್ತೆಂದು ಮಾತ್ರ ನಿರ್ಧರಿಸಬಹುದು.

ಕೃಷ್ಣದೇವರಾಯನ (1509–1529) ಸಭೆಯ ವಿಷಯದಲ್ಲಿಯೂ ಇದೇ ಸ್ಥಿತಿಯಿದೆ. ಸೋಮನಾಥ ಕವಿಯ ಸಂಸ್ಕೃತ ಚಂಪೂ 'ವ್ಯಾಸಯೋಗಿಚರಿತ' ವ್ಯಾಸತೀರ್ಥರ ಜೀವನವನ್ನು ನಿರೂಪಿಸುತ್ತದೆ. ಕಳಿಂಗದಿಂದ ಬಂದ ಬಸವಭಟ್ಟನೆಂಬ ವಿದ್ವಾಂಸನೊಡನೆ ವ್ಯಾಸತೀರ್ಥರು 30 ದಿನಗಳ ಕಾಲ ವಾದಿಸಿ ಗೆದ್ದರೆಂದೂ, ಮುಂದೆ ಕಳಿಂಗದ ಅರಸ ಕಳುಹಿದ ಅದ್ವೈತ ಗ್ರಂಥವೊಂದನ್ನು ಅವರು ಖಂಡಿಸಿದಾಗ ಕೃಷ್ಣದೇವರಾಯ ಅವರಿಗೆ ರತ್ನಾಭಿಷೇಕ ಮಾಡಿಸಿದನೆಂದೂ ಅದರಲ್ಲಿದೆ. ಇನ್ನೊಂದೆಡೆ, ಹೊಂಬುಜದ ಪದ್ಮಾವತಿ ಬಸದಿಯಲ್ಲಿರುವ ಸುಮಾರು 1530ರ ಶಾಸನ ಜೈನ ಗುರು ವಾದಿ ವಿದ್ಯಾನಂದರು ಕೃಷ್ಣದೇವರಾಯನ ಸಭೆಯೂ ಸೇರಿದಂತೆ ಅನೇಕ ಅರಸರ ಸಭೆಗಳಲ್ಲಿ ಪರವಾದಿಗಳನ್ನು ಜಯಿಸಿದುದನ್ನು ಸಾಲುಸಾಲಾಗಿ ಹೊಗಳುತ್ತದೆ. 'ವಾದಿ' ಎಂಬುದು ಇಲ್ಲಿ ಹೆಸರಿನ ಭಾಗವೇ ಆಗಿಬಿಟ್ಟಿದೆ. ಒಂದೇ ಸಭೆಯಿಂದ ಬೇರೆ ಬೇರೆ ಪರಂಪರೆಗಳು ತಮ್ಮ ತಮ್ಮ ಗುರುವಿನ ಜಯವನ್ನು ಮನೆಗೆ ಒಯ್ದಿವೆ. ಅರಸನಿಗಾದರೋ ಇದರಿಂದ ನಷ್ಟವಿರಲಿಲ್ಲ. ಪ್ರತಿ ಪಕ್ಷವೂ ಅವನ ಸಭೆಯನ್ನೇ ಸರ್ವೋಚ್ಚ ತೀರ್ಪಿನ ಸ್ಥಾನವೆಂದು ಒಪ್ಪಿದ್ದರಿಂದ ಅವನ ಅಧಿಕಾರ ಬಲಗೊಳ್ಳುತ್ತಿತ್ತು. ವಾದಿಗಳ ಪ್ರತಿಷ್ಠೆ ಪ್ರಭುತ್ವಕ್ಕೆ ಉಪಯುಕ್ತವಾದುದೆಂಬುದನ್ನು ಈ ಸಂದರ್ಭ ಸೂಚಿಸುತ್ತದೆ. 'ಮೂರುರಾಯರ ಗಂಡ' ಎಂಬಂಥ ಬಿರುದುಗಳನ್ನು ಶಾಸನಗಳಲ್ಲಿ ಕೊರೆಯಿಸಿದ ಅರಸರ ಭಾಷೆಗೂ ಪರವಾದಿಗಳನ್ನು ಮುರಿದವರೆಂದು ಹೊಗಳಿಸಿಕೊಂಡ ಪಂಡಿತರ ಭಾಷೆಗೂ ಅಂತರ ಬಹಳವಿರಲಿಲ್ಲ.

1368ರ ತೀರ್ಪು

ಈ ಹಿನ್ನೆಲೆಯಲ್ಲಿ ಒಂದನೆಯ ಬುಕ್ಕನ ಕಾಲದ ಶ್ರವಣಬೆಳಗೊಳದ ಶಾಸನ ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ. ಶಕ 1290, ಕೀಲಕ ಸಂವತ್ಸರದ, ಅಂದರೆ 1368ರ ಈ ಶಾಸನದ ವಿವಾದ ಸಿದ್ಧಾಂತದ್ದಲ್ಲ, ವಾದ್ಯ ಮತ್ತು ಕಲಶದ್ದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಭವ್ಯರು, ಅಂದರೆ ಜೈನರು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು. ಬುಕ್ಕರಾಯ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ವಿಧಿಸಿದ. ಜೈನ ದರ್ಶನಕ್ಕೆ ಮೊದಲಿನಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುವುವೆಂದು ಸಾರಿದ.

ತೀರ್ಪಿನ ವಿವರಗಳು ಇನ್ನೂ ಮುಖ್ಯವಾದವು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ವೈಷ್ಣವರು ಅದನ್ನು ತಮ್ಮದೇ ಹಾನಿವೃದ್ಧಿಯೆಂದು ಪಾಲಿಸಬೇಕು. ಈ ಶಾಸನವನ್ನು ಬಸದಿಗಳಲ್ಲೆಲ್ಲ ವೈಷ್ಣವರೇ ನಿಲ್ಲಿಸಬೇಕು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಮಂದಿ ಅಂಗರಕ್ಷಕರನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಬುಕ್ಕ ಎರಡು ಪಕ್ಷಗಳನ್ನು ಕರೆಸಿ ಯಾರ ದರ್ಶನ ಶ್ರೇಷ್ಠವೆಂದು ವಾದ ಮಾಡಿಸಲಿಲ್ಲ. ಗೆದ್ದವರು, ಸೋತವರು ಎಂಬ ವಿಭಾಗವೇ ಹುಟ್ಟದಂತೆ, ಬಲಿಷ್ಠ ಪಕ್ಷದ ಗೌರವವನ್ನು ದುರ್ಬಲ ಪಕ್ಷದ ರಕ್ಷಣೆಗೆ ಗಂಟುಹಾಕಿದ. ವೈಷ್ಣವರ ಹಿರಿಮೆ ಕುಗ್ಗಲಿಲ್ಲ. ಅದನ್ನು ತೋರಿಸುವ ದಾರಿ ಬದಲಾಯಿತು.

ಆದರೂ ಈ ಒಪ್ಪಂದವನ್ನು ಅತಿಯಾಗಿ ಆದರ್ಶೀಕರಿಸಲಾಗದು. ಶಾಸನ ಆರಂಭವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಪಾಷಂಡರೆಂಬ ಕಡಲಿಗೆ ಅವರು ಬಡಬಾಗ್ನಿ ಎಂಬುದು ಆ ಸ್ತುತಿಯ ರೂಪಕ. ಜೈನರ ಹಕ್ಕನ್ನು ಎತ್ತಿಹಿಡಿಯುವ ಶಾಸನದ ಹಣೆಯಲ್ಲಿಯೇ ಪರಮತವನ್ನು ಸುಡುವ ಬೆಂಕಿಯ ಮಾತಿದೆ. ಕೈಗಳು ಕೂಡಿದರೂ ಜಯದ ನುಡಿಗಟ್ಟು ಬದಲಾಗಲಿಲ್ಲ. ಶಾಸನದ ಮಹತ್ವವನ್ನು ಈ ವೈರುಧ್ಯ ಕಡಿಮೆ ಮಾಡುವುದಿಲ್ಲ. ಮನಸ್ಸುಗಳು ಪೂರ್ಣ ಬದಲಾಗುವವರೆಗೆ ಕಾಯದೆ ನಡೆವಳಿಕೆಯನ್ನು ಬದಲಾಯಿಸಲು ಸಾಧ್ಯವೆಂಬುದನ್ನು ಅದು ತೋರಿಸುತ್ತದೆ.

ಇಲ್ಲಿ ಇನ್ನೊಂದು ವಿವೇಚನೆ ಅಗತ್ಯ. ಡಿಂಡಿಮನ ಢಕ್ಕೆಯೂ ಜೈನರ ಪಂಚಮಹಾವಾದ್ಯಗಳೂ ಮೇಲುನೋಟಕ್ಕೆ ಒಂದೇ ಬಗೆಯ ಗೌರವಚಿಹ್ನೆಗಳು. ಆದರೆ ಢಕ್ಕೆ ತನಗೆ ಸಮಾನರಿಲ್ಲವೆಂದು ಸಾರುತ್ತಿತ್ತು. ಬಸದಿಯ ವಾದ್ಯಗಳು ತಾವೂ ಇದ್ದೇವೆಂದು ತಿಳಿಸುತ್ತಿದ್ದವು. ಎರಡನ್ನೂ ಅಹಂಕಾರವೆಂದು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಬಲವುಳ್ಳವರು ದುರ್ಬಲರ ಆತ್ಮಗೌರವದ ಬೇಡಿಕೆಯನ್ನು ಅಹಂಕಾರವೆಂದು ಕರೆದು ತಳ್ಳಿಹಾಕುವುದು ಚರಿತ್ರೆಯಲ್ಲಿ ಅಪರೂಪವಲ್ಲವಾದ್ದರಿಂದ ಈ ಭೇದವನ್ನು ಒತ್ತಿಹೇಳಬೇಕಾಗುತ್ತದೆ.

ನ್ಯಾಯಾಮೃತದ ದಾರಿ

ವ್ಯಾಸತೀರ್ಥರ ವಾದಜಯಗಳ ಕಥೆಗಳಿಗಿಂತ ಅವರ ಗ್ರಂಥಗಳ ಚರಿತ್ರೆ ಹೆಚ್ಚು ಬೋಧಪ್ರದವಾಗಿದೆ. 'ನ್ಯಾಯಾಮೃತ', 'ತರ್ಕತಾಂಡವ', 'ತಾತ್ಪರ್ಯಚಂದ್ರಿಕಾ' ಎಂಬ ಅವರ ಮೂರು ಕೃತಿಗಳು ವ್ಯಾಸತ್ರಯವೆಂದು ಹೆಸರಾಗಿವೆ. ಅದ್ವೈತವನ್ನು ಖಂಡಿಸುವ ನ್ಯಾಯಾಮೃತದಲ್ಲಿ ಅದ್ವೈತದ ಯುಕ್ತಿಗಳನ್ನು ಒಂದೊಂದಾಗಿ ಎತ್ತಿಕೊಂಡು ವಿವರಿಸಲಾಗಿದೆ. ತಾತ್ಪರ್ಯಚಂದ್ರಿಕೆಯಲ್ಲಿ ಭಾಮತೀ ಮತ್ತು ವಿವರಣ ಪ್ರಸ್ಥಾನಗಳ ವಾದಗಳನ್ನು ಪೂರ್ವಪಕ್ಷವಾಗಿ ವಿಸ್ತಾರವಾಗಿ ನಿರೂಪಿಸಲಾಗಿದೆ. ಎದುರಾಳಿಯ ಮಾತನ್ನು ಮರಳಿ ನುಡಿಯಬೇಕೆಂಬ ನ್ಯಾಯಸೂತ್ರದ ನಿಯಮ ಇಲ್ಲಿ ಗ್ರಂಥದ ರಚನಾಕ್ರಮವೇ ಆಗಿದೆ.

ಅದರ ಫಲ ದೂರದವರೆಗೆ ಹಬ್ಬಿತು. ಬಂಗಾಳ ಮೂಲದವರಾಗಿ ಕಾಶಿಯಲ್ಲಿ ನೆಲಸಿದ ಮಧುಸೂದನ ಸರಸ್ವತಿಗಳು ನ್ಯಾಯಾಮೃತಕ್ಕೆ ಉತ್ತರವಾಗಿ 'ಅದ್ವೈತಸಿದ್ಧಿ'ಯನ್ನು ಬರೆದರು. ಅದಕ್ಕೆ ವ್ಯಾಸ ರಾಮಾಚಾರ್ಯರು 'ನ್ಯಾಯಾಮೃತತರಂಗಿಣಿ'ಯಲ್ಲಿ ಉತ್ತರಿಸಿದರು. ಗೌಡ ಬ್ರಹ್ಮಾನಂದರು ತಮ್ಮ ಚಂದ್ರಿಕೆಯಲ್ಲಿ ಅದನ್ನು ಖಂಡಿಸಿದರು. ವನಮಾಲಿ ಮಿಶ್ರರು ಮತ್ತೆ ದ್ವೈತದ ಪರವಾಗಿ ಬರೆದರು. ಹಂಪೆಯ ಪರಿಸರದಲ್ಲಿ ಬೆಳೆದ ಒಂದು ಗ್ರಂಥ ಹೀಗೆ ಕಾಶಿಯವರೆಗೆ ಹಲವು ತಲೆಮಾರುಗಳ ಚರ್ಚೆಯನ್ನು ನಡೆಸಿತು. ಯಾರೂ ಯಾರ ಢಕ್ಕೆಯನ್ನೂ ಒಡೆಯಲಿಲ್ಲ, ಕೊನೆಯ ತೀರ್ಪೂ ಬರಲಿಲ್ಲ. ಆದರೆ ಭಾರತೀಯ ದರ್ಶನದ ಅತ್ಯಂತ ಸೂಕ್ಷ್ಮವಾದ ತರ್ಕಸಾಹಿತ್ಯ ಈ ಉತ್ತರ ಪ್ರತ್ಯುತ್ತರಗಳಿಂದ ಬೆಳೆಯಿತು. ಸ್ಪರ್ಧೆ ಇಲ್ಲಿ ನಿಜವಾಗಿ ಬೇಲಿಯ ಕೆಲಸ ಮಾಡಿದೆ. ವ್ಯಾಸತೀರ್ಥರ ಜೀವನಚರಿತ್ರೆಯನ್ನು ಬರೆದ ಸೋಮನಾಥ ಕವಿ ಮಾಧ್ವನಲ್ಲ, ಸ್ಮಾರ್ತನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿರುವುದೂ ಇದರೊಂದಿಗೆ ನೆನೆಯಬೇಕಾದ ಸಂಗತಿ. ಸಿದ್ಧಾಂತದ ವಿರೋಧ ವ್ಯಕ್ತಿಗೌರವಕ್ಕೆ ಅಡ್ಡಿಯಾಗದ ಸಂದರ್ಭಗಳೂ ಆ ಕಾಲದಲ್ಲಿದ್ದವು.

ವ್ಯಾಸತೀರ್ಥರು 1539ರಲ್ಲಿ ನಿಧನರಾದರು. ಆನೆಗೊಂದಿಯ ಬಳಿಯ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅವರ ಶಿಷ್ಯವೃಂದವನ್ನು ಕುರಿತು ಹರಿದಾಸ ಪರಂಪರೆ ಉಳಿಸಿಕೊಂಡ ಕಥೆಯೊಂದು ಕನ್ನಡಿಗರಿಗೆಲ್ಲ ಪರಿಚಿತ. ಪಂಡಿತರು ತುಂಬಿದ ಸಭೆಯಲ್ಲಿ ಯಾರಿಗೆ ಮೋಕ್ಷ ಲಭಿಸೀತೆಂಬ ಪ್ರಶ್ನೆ ಬಂದಾಗ, ಕನಕದಾಸರು ಅಲ್ಲಿದ್ದ ಯಾರಿಗೂ ಇಲ್ಲವೆಂದು ಹೇಳಿ, 'ನಾನು ಹೋದರೆ ಹೋದೇನು' ಎಂದರಂತೆ. ಪಂಡಿತರು ಅದನ್ನು ಉದ್ಧಟತನವೆಂದು ಸಿಟ್ಟಾದರು. 'ನಾನು' ಎಂಬುದು ಹೋದರೆ ಎಂಬ ಅರ್ಥವನ್ನು ಗುರುಗಳು ಬಿಡಿಸಿದಾಗ ಸಭೆ ತಲೆಬಾಗಿತು. ಇದು ಸಮಕಾಲೀನ ದಾಖಲೆಯಲ್ಲ, ಪರಂಪರೆಯ ಕಥೆ. ಆದರೂ ಈ ಕಥೆ ಹುಟ್ಟಿದ ನೆಲೆಯನ್ನು ಗಮನಿಸಬೇಕು. ಕುಲದ ಕಾರಣದಿಂದ ಪಂಡಿತರ ತಿರಸ್ಕಾರಕ್ಕೆ ಒಳಗಾದವನೆಂದು ಕಥೆಗಳು ಚಿತ್ರಿಸುವ ವ್ಯಕ್ತಿಯ ಬಾಯಿಂದ ಈ ಮಾತು ಬಂದಿದೆ. ಸಂಸ್ಕೃತದ ವಾದಶಾಸ್ತ್ರ 22 ನಿಗ್ರಹಸ್ಥಾನಗಳಲ್ಲಿ ಹೆಸರಿಸದ ಒಂದು ಸೋಲನ್ನು ಕನ್ನಡದ ಜನಸ್ಮೃತಿ ಒಂದೇ ಸರ್ವನಾಮದಲ್ಲಿ ಗುರುತಿಸಿತು.

ಇತಿಹಾಸಕಾರರ ವಾದಸಭೆ

ವಿಜಯನಗರದ ಪಂಡಿತರಿಗೆ ಅನ್ವಯಿಸುವ ಮಾತು ವಿಜಯನಗರವನ್ನು ಕುರಿತು ಬರೆದ ಪಂಡಿತರಿಗೂ ಅನ್ವಯಿಸುತ್ತದೆ. ರಾಬರ್ಟ್ ಸೂಯೆಲ್ 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಪ್ರಕಟಿಸಿದ ನಂತರ, ಸಂಗಮ ವಂಶದ ಮೂಲ ಯಾವುದೆಂಬ ಪ್ರಶ್ನೆ ದೊಡ್ಡ ವಿವಾದವಾಯಿತು. ಫಾದರ್ ಹೆನ್ರಿ ಹೆರಾಸ್ 1929ರ ಕೃತಿಯಲ್ಲಿ ಹೊಯ್ಸಳರೊಡನೆ ಸಂಬಂಧ ಹೊಂದಿದ ಕನ್ನಡ ಮೂಲವನ್ನು ಪ್ರತಿಪಾದಿಸಿದರು. 1933ರಲ್ಲಿ ಎನ್. ವೆಂಕಟರಮಣಯ್ಯನವರು ಓರುಗಲ್ಲಿನ ಸಂಬಂಧವನ್ನೂ ತೆಲುಗು ಮೂಲವನ್ನೂ ಸಮರ್ಥಿಸಿದರು. ಬಿ.ಎ. ಸಾಲೆತ್ತೂರರು ಕನ್ನಡ ಮೂಲದ ಪರವಾಗಿ ಉತ್ತರಿಸಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ನೆನಪಿಗೆ ಧಾರವಾಡದಿಂದ ಹೊರಟ ಸ್ಮರಣ ಸಂಪುಟದಲ್ಲಿಯೂ ಈ ಚರ್ಚೆ ಮುಂದುವರಿಯಿತು.

ಈ ವಿವಾದದ ಕೇಂದ್ರದಲ್ಲಿ ಕಂಪ್ಲಿ ಮತ್ತು ಸಂಡೂರುಗಳಿವೆ. ಸಂಡೂರು ಸಮೀಪದ ಹೊಸಮಲೆದುರ್ಗ, ಕುಮ್ಮಟ ಮತ್ತು ಕಂಪಿಲಿಗಳಿಂದ ಆಳಿದ ಕಂಪಿಲರಾಯ ಹಾಗೂ ಅವನ ಮಗ ಕುಮಾರರಾಮರು, ದೆಹಲಿಯ ಸುಲ್ತಾನನ ವಿರುದ್ಧ ಬಂಡೆದ್ದು ಬಂದ ಬಹಾಉದ್ದೀನ್ ಗುರ್ಶಾಸ್ಪ್‌ನಿಗೆ ಆಶ್ರಯವಿತ್ತು ಅಳಿದರು. ಹರಿಹರ ಬುಕ್ಕರು ಆ ರಾಜ್ಯದ ಸೇವೆಯಲ್ಲಿದ್ದು ದೆಹಲಿಗೆ ಸೆರೆಹೋದರೆಂಬ ಕಥನವನ್ನು ಒಪ್ಪುವುದು ಅಥವಾ ಬಿಡುವುದರ ಮೇಲೆ ಎರಡು ಪಕ್ಷಗಳ ವಾದ ನಿಂತಿದೆ. ಒಂದು ಪಕ್ಷ ಪರ್ಷಿಯನ್ ಬರಹಗಳನ್ನೂ ಕಾಲಜ್ಞಾನದಂಥ ಸಂಸ್ಕೃತ ಕೃತಿಗಳನ್ನೂ ಆಧರಿಸಿದರೆ, ಇನ್ನೊಂದು ಪಕ್ಷ ಹೊಯ್ಸಳ ನಾಡಿನ ಶಾಸನಗಳನ್ನೂ ಸಂಗಮ ಸೋದರರು 1346ರಲ್ಲಿ ಶೃಂಗೇರಿಯಲ್ಲಿ ನಡೆಸಿದ ವಿಜಯೋತ್ಸವದ ಶಾಸನವನ್ನೂ ಆಧರಿಸಿತು. ಆಕರಗಳ ಆಯ್ಕೆ ಬಹಳಷ್ಟು ಸಲ ಭಾಷಾಭಿಮಾನದ ಗೆರೆಯನ್ನು ಅನುಸರಿಸಿತೆಂಬುದನ್ನು ನಿರಾಕರಿಸಲಾಗದು.

ಈ ಅಭಿಮಾನವನ್ನು ಕೇವಲ ದೋಷವೆನ್ನಲಾಗದು. 1905ರಲ್ಲಿ ಆನೆಗೊಂದಿ, ಹಂಪೆಗಳನ್ನು ಕಂಡ ಆಲೂರು ವೆಂಕಟರಾಯರು ಕರ್ನಾಟಕತ್ವದ ಕಲ್ಪನೆಗೆ ಅಲ್ಲಿಂದ ಸ್ಫೂರ್ತಿ ಪಡೆದರು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಹಂಪೆ ಆತ್ಮಗೌರವದ ನೆಲೆಯಾಯಿತು. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ವಿಭಜಿಸುವ ಪ್ರಶ್ನೆ ಬಂದಾಗ ಚರಿತ್ರೆಯ ವಾದವೂ ಗಡಿಯ ವಾದವೂ ಒಂದಕ್ಕೊಂದು ಹೆಣೆದುಕೊಂಡವು. 1953ರ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರು, ಬಳ್ಳಾರಿ ಸೇರಿದಂತೆ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಬದುಕಿನ ಪ್ರಶ್ನೆಯಾದ ಗಡಿ ಇತ್ಯರ್ಥವಾದರೂ ಹದಿನಾಲ್ಕನೆಯ ಶತಮಾನದ ಸೋದರರ ಮಾತೃಭಾಷೆ ಯಾವುದೆಂಬ ವಾದ ನಿಲ್ಲಲಿಲ್ಲ.

ಚರ್ಚೆ ಮುಂದೆ ಸಾಗಿದುದು ಒಂದು ಪಕ್ಷ ಸೋತುದರಿಂದಲ್ಲ, ಪ್ರಶ್ನೆ ಬದಲಾದುದರಿಂದ. ವಿದ್ಯಾರಣ್ಯರು ನಗರವನ್ನು ಸ್ಥಾಪಿಸಿದರೆನ್ನುವ 1336ರ ತಾಮ್ರಶಾಸನಗಳು ನಂತರದ ಸೃಷ್ಟಿಗಳೆಂಬ ವಾದವನ್ನು ಹೆರಾಸ್ ಮುಂದಿಟ್ಟಿದ್ದರು. ಹರ್ಮನ್ ಕುಲ್ಕೆ 1985ರಲ್ಲಿ ಅದನ್ನು ಮತ್ತೆ ಪರಿಶೀಲಿಸಿ, ಮಠ ಮತ್ತು ಅರಸರ ಸಂಬಂಧದ ದೃಷ್ಟಿಯಿಂದ ಚರ್ಚಿಸಿದರು. ಫಿಲಿಪ್ ವ್ಯಾಗನರ್ 2000ದಲ್ಲಿ ಸೋದರರ ಸೆರೆಯ ಕಥನಗಳನ್ನು ನಡೆದ ಘಟನೆಯ ವರದಿಯೆಂದು ಓದದೆ, ವಿಜಯನಗರದ ರಾಜಕೀಯ ಕಲ್ಪನೆಯ ರೂಪಗಳೆಂದು ಓದಿದರು. ಸಂಗಮರು ಯಾರವರು ಎಂಬ ಪ್ರಶ್ನೆಯ ಬದಲು ಆ ಕಥೆಯನ್ನು ಯಾರು, ಯಾವಾಗ, ಯಾವ ಅಗತ್ಯಕ್ಕಾಗಿ ಹೇಳಿದರು ಎಂಬ ಪ್ರಶ್ನೆ ಮುಂದಕ್ಕೆ ಬಂದಾಗ, ಎರಡೂ ಪಕ್ಷಗಳು ಬಿಟ್ಟುಕೊಡಲಾಗದೆ ಹಿಡಿದಿದ್ದ ಆಕರಗಳೇ ಹೊಸ ಅರ್ಥವನ್ನು ಕೊಟ್ಟವು.

ಸಮಾರೋಪ

ಮೇಲಿನ ಸಂದರ್ಭಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ವಿಜಯನಗರದ ವಾದ ಪರಂಪರೆ ಅಹಂಕಾರವನ್ನು ಬಲ್ಲದಾಗಿತ್ತು ಮತ್ತು ಅದನ್ನು ನಿಯಮಗಳಿಂದ ಕಟ್ಟಲು ಯತ್ನಿಸಿತು. ಸೋಲುಗೆಲುವುಗಳಿಗೆ ಬಿರುದು, ಧನ, ವಾದ್ಯಗಳ ಬೆಲೆ ಕಟ್ಟಿದಾಗ ಆ ಕಟ್ಟು ಸಡಿಲವಾಯಿತು. ಅಂಥ ವಾದಗಳಿಂದ ಜಯದ ಕಥೆಗಳು ಉಳಿದವೇ ಹೊರತು ವಾದದ ವಸ್ತು ಉಳಿಯಲಿಲ್ಲ. ಪ್ರತಿವಾದಿಯ ಪಕ್ಷವನ್ನು ನಿಷ್ಠೆಯಿಂದ ದಾಖಲಿಸಿದ ಗ್ರಂಥಪರಂಪರೆಯಲ್ಲಿ ಮತ್ತು ಬಲಿಷ್ಠರಿಗೆ ದುರ್ಬಲರ ರಕ್ಷಣೆಯ ಹೊಣೆ ಹೊರಿಸಿದ 1368ರ ತೀರ್ಪಿನಲ್ಲಿ ಮಾತ್ರ ವಾದ ಫಲಪ್ರದವಾಗಿ ಮುಂದುವರಿಯಿತು.

ಸಂಶೋಧಕರಿಗೆ ಇದರಿಂದ ಒಂದು ಕಾರ್ಯಸೂತ್ರವೂ ದೊರೆಯುತ್ತದೆ. ವಾದಜಯವನ್ನು ಹೇಳುವ ಯಾವುದೇ ಶಾಸನ, ಚರಿತೆ, ಶ್ಲೋಕಗಳನ್ನು ಬಳಸುವಾಗ ಅದನ್ನು ಉಳಿಸಿಕೊಂಡವರು ಯಾರು, ಸೋತವನ ಯುಕ್ತಿಯನ್ನು ಅದು ಹೇಳುತ್ತದೆಯೆ, ಆ ಜಯದಿಂದ ಬೇರೆಯವರ ಬದುಕಿನಲ್ಲಿ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ವಾದದ ದಾಖಲೆಯಲ್ಲ, ಬಿರುದಿನ ದಾಖಲೆ. ಇದೇ ಅಳತೆಯನ್ನು ಇಂದಿನ ಸಂಶೋಧನಾ ಪ್ರಬಂಧಗಳಿಗೂ ಅನ್ವಯಿಸಬಹುದು. ಎದುರು ಪಕ್ಷದ ವಾದವನ್ನು ಆ ಪಕ್ಷದವರೇ ಒಪ್ಪುವಂತೆ ನಿರೂಪಿಸಿದ ನಂತರವೇ ಅದನ್ನು ಖಂಡಿಸಬೇಕೆಂಬ ಹಳೆಯ ನಿಯಮಕ್ಕೆ ವಿಜಯನಗರದ ಅಧ್ಯಯನಗಳಲ್ಲಿ ಇನ್ನೂ ಕೆಲಸವಿದೆ.